ಎಪ್ಪತ್ತು ಡಿಗ್ರಿಯ ಲಕ್ಷ್ಮಣರೇಖೆ

ಬೆಂಗಳೂರಿನ ಎಸ್.ಪಿ. ರೋಡಿನಿಂದ ಬಿಡಿಭಾಗ ಹೊತ್ತು ತಂದು ಗೇಮಿಂಗ್ ಪಿಸಿ ಜೋಡಿಸಿದವರು ಮೊದಲ ದಿನ ಗೇಮ್ ಆಡುವುದು ಕಡಿಮೆ. ಪರದೆಯ ಮೂಲೆಯಲ್ಲಿ ಟೆಂಪರೇಚರ್ ಅಂಕಿ ಕೂರಿಸಿಕೊಂಡು ಅದನ್ನೇ ನೋಡುತ್ತಿರುತ್ತಾರೆ. 70 ದಾಟಿದರೆ ಎದೆ ಡವಡವ, 85 ಆದರೆ ಪಿಸಿ ಆಫ್. ಮರುದಿನ ಅಂಗಡಿಯಲ್ಲಿ ನಿಂತು ಲಿಕ್ವಿಡ್ ಕೂಲರ್ ರೇಟು ವಿಚಾರಿಸುತ್ತಾರೆ. ಈ ಗೆರೆ ಎಳೆದವರು ಯಾರೆಂದು ಕೇಳಿದರೆ ಉತ್ತರವಿಲ್ಲ. ಪ್ರೊಸೆಸರ್ ತಯಾರಿಸಿದವರಂತೂ ಅಲ್ಲ.

2022ರಲ್ಲಿ ರೈಜೆನ್ 7000 ಸರಣಿಯ ಪ್ರೊಸೆಸರ್‌ಗಳು ಬಂದಾಗ ತಯಾರಕ ಎಎಂಡಿಯೇ ಹೇಳಿತ್ತು: ಪೂರ್ತಿ ಲೋಡ್ ಬಿದ್ದಾಗ ಇವು 95 ಡಿಗ್ರಿಗೆ ಹೋಗುವುದು ಸಹಜ, ವಿನ್ಯಾಸವೇ ಹಾಗಿದೆ. ರೈಜೆನ್ 9 7950ಎಕ್ಸ್‌ಗೆ ಎಲ್ಲ ಕೋರ್‌ಗಳನ್ನೂ ದುಡಿಸುವ ಕೆಲಸ ಕೊಟ್ಟು ಇನ್ನೂ ದೊಡ್ಡ ಕೂಲರ್ ಕೂರಿಸಿದರೂ ಅಂಕಿ ಹಲವು ಬಾರಿ 95ರ ಬಳಿಯೇ ನಿಲ್ಲುತ್ತದೆ. ಮಿಕ್ಕ ಅವಕಾಶವನ್ನು ಅದು ಕ್ಲಾಕ್ ಸ್ಪೀಡ್ ಏರಿಸಿಕೊಳ್ಳಲು ಬಳಸುತ್ತದೆ. ಅದೇ ಪೀಳಿಗೆಯ 7800ಎಕ್ಸ್3ಡಿಗೆ ಮಿತಿ 89. ಇಂಟೆಲ್‌ನ ಕೋರ್ ಐ9-14900ಕೆಗೆ 100. ಜ್ವರಕ್ಕೆ ಇರುವಂತೆ ಎಲ್ಲರಿಗೂ ಒಂದೇ ಗೆರೆ ಇಲ್ಲಿಲ್ಲ.

ಭಯಕ್ಕೆ ಒಂದು ಕಾಲದಲ್ಲಿ ಕಾರಣವಿತ್ತು, ನಿಜ. 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ಜಾಲತಾಣದವರು ಓಡುತ್ತಿದ್ದ ಪ್ರೊಸೆಸರ್‌ಗಳ ಮೇಲಿನ ಹೀಟ್‌ಸಿಂಕ್ ಕಿತ್ತು ವಿಡಿಯೊ ಮಾಡಿದ್ದರು. ಎಎಂಡಿ ಅಥ್ಲಾನ್ ಹೊಗೆಯಾಡಿ ಸುಟ್ಟುಹೋಯಿತು; ಪೆಂಟಿಯಂ 4 ಮಾತ್ರ ವೇಗ ತಗ್ಗಿಸಿಕೊಂಡು ಕುಂಟುತ್ತ ಓಡಿತು. ಆ ಕುಂಟುವ ಬುದ್ಧಿ ಇಂದು ಎಲ್ಲ ಪ್ರೊಸೆಸರ್‌ಗಳಿಗೂ ಇದೆ. ಮಿತಿ ಮುಟ್ಟಿದರೆ ತಾವೇ ಕ್ಲಾಕ್ ಇಳಿಸುತ್ತವೆ, ಅದಕ್ಕೂ ಬಗ್ಗದಿದ್ದರೆ ಪಿಸಿ ಬಂದ್ ಆಗುತ್ತದೆ. ಇಪ್ಪತ್ತು ವರ್ಷಕ್ಕೂ ಹಿಂದಿನ ಹೊಗೆಗೆ ಜನ ಇವತ್ತಿಗೂ ಕೆಮ್ಮುತ್ತಿದ್ದಾರೆ.

ತೋರಿದ ಅಂಕಿಯೇ ನಿಜವಾದ ಬಿಸಿ ಎಂದೂ ಹೇಳಲಾಗದು. 2017ರ ರೈಜೆನ್ 7 1800ಎಕ್ಸ್‌ನಲ್ಲಿ ಫ್ಯಾನ್ ನಿಯಂತ್ರಣಕ್ಕೆಂದು ಎಎಂಡಿಯೇ 20 ಡಿಗ್ರಿ ಕೂಡಿಸಿ ತೋರಿಸುತ್ತಿತ್ತು. ಯಾವ ಕೂಲರ್ ತಂದರೂ ಆ 20 ಕರಗುವಂತಿರಲಿಲ್ಲ.

ಇನ್ನು ನಿಜವಾಗಿ ಚಿಪ್ ಹಾಳಾದ ಪ್ರಕರಣಗಳು. 2023ರಲ್ಲಿ ಕೆಲವು 7800ಎಕ್ಸ್3ಡಿಗಳು ಸಾಕೆಟ್ ಸಮೇತ ಸುಟ್ಟುಹೋದವು. ಮೂಲ ಚಿಪ್‌ನ ಎಸ್ಒಸಿ ಭಾಗಕ್ಕೆ ಹರಿದ ಅತಿಯಾದ ವೋಲ್ಟೇಜ್. ಎಎಂಡಿ ಅದನ್ನು 1.3 ವೋಲ್ಟ್‌ಗೆ ಕಟ್ಟಿಹಾಕಿತು. 2024ರಲ್ಲಿ ಇಂಟೆಲ್‌ನ 13, 14ನೇ ಪೀಳಿಗೆಯ ಹಲವು ಪ್ರೊಸೆಸರ್‌ಗಳು ಗೇಮ್ ನಡುವೆ ಕ್ರ್ಯಾಶ್ ಆಗುತ್ತಿರುವುದು ಸುದ್ದಿಯಾಯಿತು. ಅಲ್ಲಿಯೂ ಮುಖ್ಯ ಅಪರಾಧಿ ಮಿತಿಮೀರಿದ ವೋಲ್ಟೇಜ್. ಇಂಟೆಲ್ ಮೈಕ್ರೋಕೋಡ್ ತಿದ್ದಿತು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆ ತಿದ್ದುಪಡಿ ಪಿಸಿಗೆ ತಲುಪುವುದು ಮುಖ್ಯವಾಗಿ ಬಯೋಸ್ ಅಪ್‌ಡೇಟ್ ಮೂಲಕ. ಮೂಲೆಯ ಅಂಕಿಗೆ ಕಣ್ಣು ನೆಟ್ಟು ಕೂತವರಲ್ಲಿ ಎಷ್ಟು ಮಂದಿ ಬಯೋಸ್ ಅಪ್‌ಡೇಟ್ ಮಾಡಿದ್ದಾರೋ!

ಅದರ ಬದಲು ಹೋಲಿಕೆಯ ಚಟ. ಇಪ್ಪತ್ತು ಡಿಗ್ರಿಯ ಎಸಿ ಕೋಣೆಯಲ್ಲಿ ತೆಗೆದ ವಿಡಿಯೊದಲ್ಲಿ 65 ಬಂತು, ನನ್ನದೇಕೆ 83 ಎಂದು ಮೇ ತಿಂಗಳ ಕಲಬುರಗಿಯಲ್ಲಿ ಕೂತು ಕೊರಗುವವರಿದ್ದಾರೆ. ಹೊರಗೆ 40 ದಾಟಿರುತ್ತದೆ. ಗಾಳಿಯದಾಗಲಿ ನೀರಿನದಾಗಲಿ, ಈ ಕೂಲರ್‌ಗಳು ಕೋಣೆಯ ಬಿಸಿಗಿಂತ ಕೆಳಗೆ ಇಳಿಸಲಾರವು. ಕೋಣೆ 15 ಡಿಗ್ರಿ ಏರಿದರೆ ಪ್ರೊಸೆಸರೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ.

ಉಳಿದ ಭಯಗಳೂ ಹೀಗೆಯೇ. ಪ್ರೊಸೆಸರ್ ಮತ್ತು ಕೂಲರ್ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ತುಸು ಹೆಚ್ಚಾದರೆ ಕೆಟ್ಟಿತು ಎನ್ನುವುದು ಸುಳ್ಳು. ಸುಮ್ಮನಿದ್ದಾಗ 40ರಿಂದ 55ಕ್ಕೆ ನೆಗೆದು ಇಳಿದರೆ ಅದು ರೋಗವಲ್ಲ.

ಚಿಂತಿಸಬೇಕಾದ ಲಕ್ಷಣಗಳೇ ಬೇರೆ. ಏನೂ ಓಡಿಸದೆ 90ರ ಮೇಲಿದ್ದರೆ ಕೂಲರ್ ಬಿಚ್ಚಿ ನೋಡಬೇಕು. ತಳದ ಪ್ಲಾಸ್ಟಿಕ್ ಹಾಳೆ ಕೀಳದೆ ಕೂರಿಸಿದವರು ಕಡಿಮೆಯೇನಿಲ್ಲ. ಗೇಮ್ ನಡೆಯುವಾಗ ಬಿಸಿ ಮಿತಿಗೆ ತಾಗಿ, ಕ್ಲಾಕ್ ಮೂಲ ವೇಗಕ್ಕಿಂತ ಕೆಳಗೆ ಬಿದ್ದರೂ ಅಷ್ಟೇ. ಕ್ಲಾಕ್ ಅಲ್ಲಾಡದಿದ್ದರೆ 82 ಬರಿಯ 82.

ತನ್ನ ಪ್ರೊಸೆಸರಿನ ಮಿತಿ ಎಷ್ಟೆಂದು ತಯಾರಕರ ಜಾಲತಾಣದಲ್ಲಿ ಓದಲು ಎರಡು ನಿಮಿಷ ಸಾಕು. ಅದನ್ನು ಓದದವರು ಕೆಂಪು ಬಾಣ ಹಾಕಿದ ಥಂಬ್‌ನೇಲ್ ನಂಬಿ ಸಾವಿರಾರು ರೂಪಾಯಿ ಕೊಡುತ್ತಾರೆ. ಬಿಸಿ ಕಂಡರಾಗದ ರೈಜೆನ್ 7000 ಮಾಲೀಕರಿಗೆ ಬಯೋಸ್‌ನಲ್ಲೇ ಇಕೋ ಮೋಡ್ ಇದೆ. 7950ಎಕ್ಸ್ ಅನ್ನು 65 ವಾಟ್‌ನ ದರ್ಜೆಗೆ ಇಳಿಸಿದರೂ ಗೇಮಿಂಗ್‌ನಲ್ಲಿ ಕಳೆದುಕೊಳ್ಳುವುದು ಅತ್ಯಲ್ಪ, ಮತ್ತು ಅದಕ್ಕೆ ಯಾವ ಅಂಗಡಿಯೂ ಬಿಲ್ಲು ಹರಿಯುವುದಿಲ್ಲ.