ಮೊದಲ ಆಮ್ಲಜನಕದ ಜಾಡು ಹಿಡಿದು

ಎಚ್.ಡಿ. ಕೋಟೆಯಿಂದ ಅಂತರಸಂತೆ ದಾಟಿ ಬಾವಲಿಯ ಕಡೆ ಹೋಗುವವರು ಕಾಡು, ಆನೆ, ಕಬಿನಿಯ ಹಿನ್ನೀರು ನೋಡುತ್ತಾರೆ. ಕಲ್ಲು ನೋಡುವವರು ಕಡಿಮೆ. ಇದೇ ಸೀಮೆಯ ಸರಗೂರಿನ ಹೆಸರು ಹೊತ್ತ ಶಿಲಾವರ್ಗದ ವಯಸ್ಸು 300 ಕೋಟಿ ವರ್ಷ ದಾಟಿದೆ. ಅದರಲ್ಲಿ ಸಿಗುವ ನೀಲಿ ಛಾಯೆಯ ಕಯನೈಟ್ ಹರಳಿನ ಸೂತ್ರ ಹೀಗಿದೆ: ಎರಡು ಅಲ್ಯೂಮಿನಿಯಂ, ಒಂದು ಸಿಲಿಕಾನ್, ಐದು ಆಮ್ಲಜನಕ. ಎಂಟು ಪರಮಾಣುಗಳಲ್ಲಿ ಐದು ಆಮ್ಲಜನಕವೇ!

ಆ ಪರಮಾಣುಗಳು ಕಲ್ಲಿಗಿಂತಲೂ ಹಳೆಯವು. ಮಹಾಸ್ಫೋಟದ ಮೊದಲ ನಿಮಿಷಗಳಲ್ಲಿ ಹುಟ್ಟಿದ್ದು ಜಲಜನಕ, ಹೀಲಿಯಂ, ಚಿಟಿಕೆಯಷ್ಟು ಲಿಥಿಯಂ. ಆಮ್ಲಜನಕ, ಸಿಲಿಕಾನ್, ಕಬ್ಬಿಣ ತಯಾರಾಗಲು ನಕ್ಷತ್ರಗಳು ಹುಟ್ಟಿ, ಉರಿದು, ಸಿಡಿಯಬೇಕಿತ್ತು. ಹಾಗಾದರೆ ಆಮ್ಲಜನಕ ಎಷ್ಟು ಬೇಗ ಬಂತು? ತಿಳಿಯಲು ಇರುವ ನೇರ ದಾರಿ: ಎಳೆಯ ವಿಶ್ವದ ಗೆಲಾಕ್ಸಿಗಳ ಬೆಳಕನ್ನು ರೋಹಿತವಾಗಿ ಬಿಡಿಸಿ, ಅದರಲ್ಲಿನ ಗೆರೆಗಳನ್ನು ಓದುವುದು.

ಈ ಓದಿನ ಆರಂಭದ ದಿನಗಳಲ್ಲಿ ನಮ್ಮ ಜಮಖಂಡಿಗೂ ಪಾಲಿದೆ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣಕ್ಕೆಂದು ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲ್‌ನ ಮೊಮ್ಮಗ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಅಲ್ಲಿ ಬೀಡುಬಿಟ್ಟಿದ್ದ. ಮೋಡ ಸರಿದ ಸ್ವಲ್ಪ ಹೊತ್ತಿನಲ್ಲೇ ಸೂರ್ಯನ ಅಂಚಿನ ಜ್ವಾಲೆಯತ್ತ ರೋಹಿತದರ್ಶಕ ತಿರುಗಿಸಿದ. ಮೂರು ಗೆರೆಗಳು ಹೊಳೆದವು: ಕೆಂಪು, ಕಿತ್ತಳೆ, ನೀಲಿ. ಕಿತ್ತಳೆಯ ಗೆರೆ ಸೋಡಿಯಂನದಲ್ಲ, ಹೀಲಿಯಂನದು ಎಂಬುದು ಆಮೇಲೆ ಗೊತ್ತಾಯಿತು. ಭೂಮಿಯ ಮೇಲೆ ಹೀಲಿಯಂ ಕೈಗೆ ಸಿಕ್ಕಿದ್ದು 1895ರಲ್ಲಿ. ಕೈಗೆ ಸಿಗುವ ಮೊದಲೇ ಒಂದು ಧಾತು ಬೆಳಕಿನಲ್ಲಿ ಗುರುತು ಬಿಟ್ಟುಹೋಗಿತ್ತು.

ಗೆರೆ ಕಂಡರೆ ಧಾತು ಇದೆ ಎಂದಾಯಿತು. ಎಷ್ಟಿದೆ ಎಂದು ಹೇಳುವುದು ಕಷ್ಟದ ಕೆಲಸ. ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕ 500.7 ನ್ಯಾನೊಮೀಟರ್‌ನಲ್ಲಿ ಬಲವಾದ ಹಸಿರು ಗೆರೆಯನ್ನೂ 436.3ರಲ್ಲಿ ಬಡಕಲು ಗೆರೆಯೊಂದನ್ನೂ ಸೂಸುತ್ತದೆ. ಅನಿಲ ಕಾದಷ್ಟೂ ಬಡಕಲು ಗೆರೆಗೆ ಬಲ ಬರುತ್ತದೆ. ಎರಡರ ಅನುಪಾತದಿಂದ ಅನಿಲದ ಉಷ್ಣತೆ ಸಿಗುತ್ತದೆ. ಉಷ್ಣತೆ ಸಿಕ್ಕಿತೆಂದರೆ ಜಲಜನಕದ ಗೆರೆಯ ಜೊತೆ ಹೋಲಿಸಿ ಆಮ್ಲಜನಕದ ಪ್ರಮಾಣ ಲೆಕ್ಕ ಹಾಕಬಹುದು. ಇಡೀ ವಿದ್ಯೆ ನಿಂತಿರುವುದು ಆ ಬಡಕಲು ಗೆರೆಯ ಮೇಲೆ. ವಿಶ್ವ ಹಿಗ್ಗಿದಂತೆ ಬೆಳಕಿನ ಅಲೆಯೂ ಹಿಗ್ಗುವುದರಿಂದ, ಬಹುದೂರದ ಗೆಲಾಕ್ಸಿಯಿಂದ ಬರುವಷ್ಟರಲ್ಲಿ ಅದು ಅವಕೆಂಪಿಗೆ ಜಾರಿರುತ್ತದೆ. ಅದಕ್ಕೇ ಜೇಮ್ಸ್ ವೆಬ್ ದೂರದರ್ಶಕ ಬೇಕಾಯಿತು. 2022ರ ಜುಲೈನಲ್ಲಿ ಬಂದ ಅದರ ಮೊದಲ ದತ್ತಾಂಶದಲ್ಲೇ, 1,310 ಕೋಟಿ ವರ್ಷ ಹಳೆಯ ಬೆಳಕಿನಲ್ಲಿ ಆ ಗೆರೆ ಸಿಕ್ಕಿತು. ಅಲ್ಲಿನ ಆಮ್ಲಜನಕದ ಪ್ರಮಾಣ ಸೂರ್ಯನಲ್ಲಿರುವುದರ ಕೆಲವೇ ಶೇಕಡ. ಎಳೆಯ ಗೆಲಾಕ್ಸಿಯಿಂದ ನಿರೀಕ್ಷಿಸಿದ್ದೂ ಅದನ್ನೇ.

ನಿರೀಕ್ಷೆ ಮೀರಿದ್ದು 2025ರ ಮಾರ್ಚ್‌ನಲ್ಲಿ. ಜೇಡ್ಸ್-ಜಿಎಸ್-ಝಡ್14-0 ಎಂಬ ಗೆಲಾಕ್ಸಿಯ ಬೆಳಕು ಹೊರಟಾಗ ವಿಶ್ವಕ್ಕೆ 30 ಕೋಟಿ ವರ್ಷವೂ ತುಂಬಿರಲಿಲ್ಲ. ಚಿಲಿಯ ಆಲ್ಮಾ ರೇಡಿಯೊ ದೂರದರ್ಶಕಗಳಿಂದ ಎರಡು ತಂಡಗಳು ಅಲ್ಲಿಯೂ ಆಮ್ಲಜನಕ ಕಂಡವು. 88 ಮೈಕ್ರೊಮೀಟರ್‌ನಲ್ಲಿ ಹೊರಟ ಗೆರೆ ಇಲ್ಲಿ ತಲುಪುವಾಗ 1.34 ಮಿಲಿಮೀಟರ್ ಆಗಿತ್ತು. ಭಾರ ಧಾತುಗಳು ಎಣಿಸಿದ್ದಕ್ಕಿಂತ ಸುಮಾರು ಹತ್ತು ಪಟ್ಟು. ಅಂದರೆ ಅಷ್ಟರೊಳಗೇ ದೈತ್ಯ ನಕ್ಷತ್ರಗಳು ಹುಟ್ಟಿ ಸತ್ತಾಗಿತ್ತು. ನನ್ನ ಮಟ್ಟಿಗೆ ಈ ದಶಕದ ಖಗೋಳಶಾಸ್ತ್ರದಲ್ಲಿ ಇದಕ್ಕಿಂತ ರೋಮಾಂಚಕ ಸುದ್ದಿಯಿಲ್ಲ.

ಆಮ್ಲಜನಕದ ಲೆಕ್ಕಕ್ಕಿಂತ ಬಿಗಿಯಾದ ಗಂಟು ಸಾರಜನಕದ್ದು. ವಿಶ್ವಕ್ಕೆ ಸುಮಾರು 43 ಕೋಟಿ ವರ್ಷವಾಗಿದ್ದಾಗಿನ ಜಿಎನ್-ಝಡ್11 ಗೆಲಾಕ್ಸಿಯಲ್ಲಿ ಆಮ್ಲಜನಕದ ಜೊತೆ ಹೋಲಿಸಿದರೆ ಸಾರಜನಕ ವಿಪರೀತ ಹೆಚ್ಚೆಂದು 2023ರಲ್ಲಿ ವರದಿಯಾಯಿತು. ನಮ್ಮ ಕ್ಷೀರಪಥದ ಹಳೆಯ ಗೋಳಗುಚ್ಛಗಳ ಕೆಲವು ನಕ್ಷತ್ರಗಳಲ್ಲೂ ಇಂಥದೇ ಹೆಚ್ಚಳವಿದೆ. ವೆಬ್ ನೋಡಿದ್ದು ಅಂಥ ಗುಚ್ಛಗಳು ಹುಟ್ಟುತ್ತಿದ್ದ ಕಾಲವನ್ನೇ? ಅಥವಾ ಸೂರ್ಯನ ಸಾವಿರಾರು ಪಟ್ಟು ತೂಕದ ನಕ್ಷತ್ರಗಳು ಆ ಸಾರಜನಕವನ್ನು ಹೊರಚೆಲ್ಲಿದವೇ? ಈ ವಾದ ಇನ್ನೂ ಬಿಸಿಯಾಗಿಯೇ ಇದೆ.