ಫಾಲ್ಸ್ ಸೀಲಿಂಗ್ ದೀಪಗಳ ವೈರಿಂಗ್: ಜಂಕ್ಷನ್ ಬಾಕ್ಸ್ ಹಾಗೂ ಕನೆಕ್ಟರುಗಳ ಆಯ್ಕೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಹಾಗೂ ಹರಪನಹಳ್ಳಿಗಳ ಬಜಾರುಗಳಲ್ಲಿ ಬಟ್ಟೆ, ಬಂಗಾರ, ಔಷಧ ಹಾಗೂ ಮೊಬೈಲ್ ಅಂಗಡಿಗಳನ್ನು ನವೀಕರಿಸುವಾಗ ಜಿಪ್ಸಮ್ ಹಲಗೆಯ ಫಾಲ್ಸ್ ಸೀಲಿಂಗ್ ಕಟ್ಟಿಸಿ, ಅದರೊಳಗೆ ಎಲ್.ಇ.ಡಿ. ಡೌನ್‌ಲೈಟುಗಳನ್ನು ಹುದುಗಿಸುವುದು ಇಂದು ವಾಡಿಕೆಯಾಗಿದೆ. ದೀಪದ ಬೆಲೆ, ಬೆಳಕಿನ ಬಣ್ಣ, ವಾರಂಟಿಯ ಅವಧಿ ಇವುಗಳನ್ನು ಗಿರಾಕಿಗಳು ವಿವರವಾಗಿ ವಿಚಾರಿಸುತ್ತಾರೆ. ಹಲಗೆಯ ಮೇಲೆ, ಕಣ್ಣಿಗೆ ಬೀಳದ ಜಾಗದಲ್ಲಿ ತಂತಿಗಳನ್ನು ಯಾವುದರಿಂದ ಜೋಡಿಸಲಾಗಿದೆ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ವಿದ್ಯುತ್ ಸಾಮಗ್ರಿಗಳ ವರ್ತಕರೂ, ಅಂಗಡಿಯ ಮಾಲೀಕರೂ, ಪ್ಲಾಸ್ಟಿಕ್ ಬಾಕ್ಸುಗಳನ್ನು ತಯಾರಿಸುವ ಸಣ್ಣ ಉದ್ಯಮಿಗಳೂ ಈ ವಿಷಯವನ್ನು ತಿಳಿದಿರುವುದು ಅವಶ್ಯ.

ಎಲ್.ಇ.ಡಿ. ದೀಪಗಳು ಎಳೆಯುವ ವಿದ್ಯುತ್ ಬಹಳ ಕಡಿಮೆ. 12 ವ್ಯಾಟಿನ 20 ದೀಪಗಳಿದ್ದರೂ ಒಟ್ಟು 240 ವ್ಯಾಟ್, ಅಂದರೆ 230 ವೋಲ್ಟಿನಲ್ಲಿ ಸುಮಾರು 1 ಆಂಪಿಯರ್. ‘ಇಷ್ಟು ಸಣ್ಣ ಲೋಡಿಗೆ ಟೇಪು ಸುತ್ತಿದರೆ ಸಾಕು’ ಎಂಬ ವೈರ್‌ಮನ್‌ಗಳ ಮಾತಿಗೆ ಈ ಲೆಕ್ಕವೇ ಆಧಾರ. ಲೆಕ್ಕ ಸರಿ, ತೀರ್ಮಾನ ತಪ್ಪು. ಏಕೆಂದರೆ ಅಂಗಡಿಯ ದೀಪದ ಲೈನಿನಿಂದಲೇ ಕಾಲಕ್ರಮದಲ್ಲಿ ಫ್ಯಾನು, ನಾಮಫಲಕದ ದೀಪ, ಕ್ಯಾಮೆರಾ, ಕೆಲವೊಮ್ಮೆ ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಕೂಡ ಕವಲೊಡೆಯುತ್ತವೆ. ಸಡಿಲವಾದ ಒಂದು ಜೋಡಣೆಯಲ್ಲಿ ಅರ್ಧ ಓಮ್ ಪ್ರತಿರೋಧ ಉಂಟಾಗಿದೆ ಎಂದಿಟ್ಟುಕೊಳ್ಳಿ. ಅದರ ಮೂಲಕ 6 ಆಂಪಿಯರ್ ಹರಿದರೆ ಅಲ್ಲಿ 18 ವ್ಯಾಟ್ ಶಾಖ ಹುಟ್ಟುತ್ತದೆ. ಇದು ಸಣ್ಣದೊಂದು ಸಾಲ್ಡರಿಂಗ್ ಕಡ್ಡಿಯ ಶಾಖಕ್ಕೆ ಸಮೀಪವಾದದ್ದು. ಅದೂ ಬೆರಳ ತುದಿಯಷ್ಟು ಜಾಗದಲ್ಲಿ. ಅಲ್ಲಿ ನಷ್ಟವಾಗುವುದು ಕೇವಲ 3 ವೋಲ್ಟ್ ಆದ್ದರಿಂದ ದೀಪ ಮಂಕಾಗುವುದಿಲ್ಲ, ಯಾರಿಗೂ ಅನುಮಾನ ಬರುವುದಿಲ್ಲ. ಹರಿಯುತ್ತಿರುವ ಕರೆಂಟು ಮಿತಿಯೊಳಗೇ ಇರುವುದರಿಂದ ಎಂ.ಸಿ.ಬಿ. ಬೀಳುವುದಿಲ್ಲ. ಸೋರಿಕೆ ಇಲ್ಲವಾದ್ದರಿಂದ ಆರ್.ಸಿ.ಸಿ.ಬಿ.ಯೂ ಬೀಳುವುದಿಲ್ಲ. ಕೆಳಗೆ ಬಟ್ಟೆಯ ಥಾನುಗಳನ್ನು ಜೋಡಿಸಿಟ್ಟ ಅಂಗಡಿಯಲ್ಲಿ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ.

ಇನ್ನು ಜೋಡಣೆಗಳ ಸಂಖ್ಯೆಯನ್ನು ನೋಡೋಣ. ಒಂದು ದೀಪದಿಂದ ಮತ್ತೊಂದಕ್ಕೆ ಲೈನು ಸಾಗುವಾಗ ಪ್ರತಿ ದೀಪದ ಬಳಿ ಫೇಸಿಗೆ ಒಂದು, ನ್ಯೂಟ್ರಲ್‌ಗೆ ಒಂದು, ಲೋಹದ ದೀಪವಾದರೆ ಅರ್ತಿಗೆ ಮತ್ತೊಂದು ಜೋಡಣೆ ಬೇಕು. 20 ದೀಪಗಳಿಗೆ 60 ಜೋಡಣೆಗಳಾದವು. ಇವುಗಳಲ್ಲಿ ಒಂದು ಕೆಟ್ಟರೂ ಹುಡುಕುವುದು ಕಷ್ಟ. ಬರುವ ತಂತಿ, ಮುಂದೆ ಹೋಗುವ ತಂತಿ, ದೀಪದ ತಂತಿ ಎಂದು ಒಂದೊಂದು ಜೋಡಣೆಯಲ್ಲಿ ಮೂರು ತುದಿಗಳು ಸೇರುವುದರಿಂದ ಮೂರು ರಂಧ್ರದ ಕನೆಕ್ಟರಿಗೇ ಬೇಡಿಕೆ ಹೆಚ್ಚು. ಎರಡು ರಂಧ್ರದ್ದನ್ನು ಕೊಟ್ಟರೆ ವೈರ್‌ಮನ್ ಒಂದೇ ರಂಧ್ರಕ್ಕೆ ಎರಡು ತಂತಿ ತುರುಕುತ್ತಾನೆ.

ಕನೆಕ್ಟರನ್ನು ಆರಿಸುವಾಗ ಆಂಪಿಯರ್‌ಗಿಂತ ಮೊದಲು ನೋಡಬೇಕಾದುದು ತಂತಿಯ ಜಾತಿ. ನಮ್ಮಲ್ಲಿ ದೀಪದ ಲೈನಿಗೆ ಬಳಸುವುದು 1 ಅಥವಾ 1.5 ಚದರ ಮಿ.ಮೀ. ತಾಮ್ರದ, ಹಲವು ಸಣ್ಣ ಎಳೆಗಳ ಮೆದು ತಂತಿ; 90 ಮೀಟರ್ ಸುರುಳಿಯಲ್ಲಿ ಬರುವಂಥದು. ಯುರೋಪಿನ ಮನೆಗಳಲ್ಲಿ ಒಂದೇ ಎಳೆಯ ಗಟ್ಟಿ ತಂತಿಯ ಬಳಕೆ ಹೆಚ್ಚು. ಅಲ್ಲಿಗೆಂದೇ ಮಾಡಿದ, ಸುಮ್ಮನೆ ಒಳಗೆ ಒತ್ತಿದರೆ ಕಚ್ಚಿಕೊಳ್ಳುವ ಅಗ್ಗದ ಕನೆಕ್ಟರುಗಳು ನಮ್ಮ ಮಾರುಕಟ್ಟೆಗೂ ಬಂದಿವೆ. ಮೆದು ಎಳೆಗಳು ಅವುಗಳೊಳಗೆ ಮಡಚಿಕೊಳ್ಳುತ್ತವೆ. ಒಳಹೋದಂತೆ ಕಂಡರೂ ಹಿಡಿತ ಸಿಗುವುದಿಲ್ಲ. ನಮ್ಮ ತಂತಿಗೆ ಹೊಂದುವುದು ಸನ್ನೆ ಎತ್ತಿ ತಂತಿ ಇಟ್ಟು ಮುಚ್ಚುವ ಸ್ಪ್ರಿಂಗ್ ಕನೆಕ್ಟರ್. ಜರ್ಮನಿಯ ವಾಗೊ ಕಂಪನಿಯ 221 ಮಾಲಿಕೆ ಈ ಜಾತಿಯದು. ಅದರ 4 ಚದರ ಮಿ.ಮೀ.ವರೆಗಿನ ಮಾದರಿಗೆ 32 ಆಂಪಿಯರ್, 450 ವೋಲ್ಟ್ ಅರ್ಹತೆಯಿದ್ದು, ಗಟ್ಟಿ ಹಾಗೂ ಮೆದು ತಂತಿಗಳೆರಡಕ್ಕೂ ಸಲ್ಲುತ್ತದೆ. ಬೇರೆ ಕಂಪನಿಗಳೂ ಇಂಥದನ್ನು ಮಾಡುತ್ತವೆ. ಪಾರದರ್ಶಕ ಮೈಯದಾದರೆ ತಂತಿ ಕೊನೆಯವರೆಗೆ ಹೋಗಿದೆಯೇ ಎಂದು ಹೊರಗಿನಿಂದಲೇ ನೋಡಬಹುದು. ಮೈಮೇಲೆ ಬರೆದಷ್ಟು ಉದ್ದಕ್ಕೆ, 221ರಲ್ಲಾದರೆ 11 ಮಿ.ಮೀ., ತಂತಿಯ ಸಿಪ್ಪೆ ಸುಲಿಯಬೇಕು.

12 ಮನೆಗಳ ಸ್ಕ್ರೂ ಪಟ್ಟಿ ಹಳೆಯ ಪರಿಚಿತ. ಅದನ್ನು ತಿರಸ್ಕರಿಸಬೇಕಾಗಿಲ್ಲ. ಆದರೆ ಸ್ಕ್ರೂವಿನ ತುದಿ ಮೆದು ಎಳೆಗಳನ್ನು ನೇರವಾಗಿ ಒತ್ತಿ ಕತ್ತರಿಸುತ್ತದೆ. ಆದ್ದರಿಂದ ಒತ್ತುಪಟ್ಟಿ ಇರುವುದನ್ನು ಕೊಳ್ಳಬೇಕು, ಇಲ್ಲವೇ ತಂತಿಯ ತುದಿಗೆ ಪಿನ್ ಲಗ್ ಒತ್ತಿ ಹಾಕಬೇಕು. ತುದಿಗೆ ಸೀಸ ಹಚ್ಚಿ ಸ್ಕ್ರೂ ಬಿಗಿಯುವ ಅಭ್ಯಾಸ ಒಳ್ಳೆಯದಲ್ಲ. ಒತ್ತಡದಲ್ಲಿ ಸೀಸ ನಿಧಾನವಾಗಿ ಹರಿದು ಬಿಗಿ ಕಡಿಮೆಯಾಗುತ್ತದೆ. ಬರಿಯ ಟೇಪಿನ ಜೋಡಣೆಯ ಅಂಟು ಸೀಲಿಂಗಿನ ಬಿಸಿಗೆ ಒಣಗಿ ಬಿಚ್ಚಿಕೊಳ್ಳುತ್ತದೆ. ಹಳೆಯ ಕಟ್ಟಡಗಳಲ್ಲಿ ಅಲ್ಯೂಮಿನಿಯಂ ತಂತಿ ಸಿಕ್ಕರೆ ಅದನ್ನು ತಾಮ್ರದೊಡನೆ ಹೆಣೆಯುವುದು ಸಲ್ಲದು. ಲೈನನ್ನೇ ಬದಲಾಯಿಸುವುದು ಕ್ಷೇಮ.

ಬಿಸಿಯ ವಿಷಯ ನಮ್ಮ ಭಾಗಕ್ಕೆ ವಿಶೇಷವಾಗಿ ಅನ್ವಯಿಸುತ್ತದೆ. ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ದಾಟುವಾಗ ತಗಡಿನ ಸೂರು ಮತ್ತು ಜಿಪ್ಸಮ್ ಹಲಗೆಯ ನಡುವಿನ ಗಾಳಿ ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಸಾಮಾನ್ಯ ಪಿ.ವಿ.ಸಿ. ತಂತಿಯ ಮಿತಿ 70 ಡಿಗ್ರಿ. ಆದ್ದರಿಂದ ಕನೆಕ್ಟರಿನ ಮೇಲೆ ‘ಟಿ85’ ಎಂಬಂಥ ತಾಪಮಾನದ ಗುರುತು ಇರುವುದನ್ನು ಆರಿಸಬೇಕು. ಮಾಳಿಗೆ ಮನೆಗಳಲ್ಲಿ ಕಷ್ಟ ಬೇರೆ. ಜಂತಿಗಳ ಸಂದಿನಿಂದ ಮಣ್ಣು ಉದುರುತ್ತಲೇ ಇರುತ್ತದೆ, ಇಲಿಗಳ ಓಡಾಟವೂ ಉಂಟು. ಅಲ್ಲಿ ಮುಚ್ಚಳವಿಲ್ಲದ ಬಾಕ್ಸ್ ಹಾಕಿದರೆ ಹಾಕದಂತೆಯೇ. ತಂತಿ ಬಾಕ್ಸಿನ ತನಕ ಪೈಪಿನಲ್ಲೇ ಬರಬೇಕು. ಬಾಕ್ಸನ್ನು ತೊಲೆಗೋ ಜಿ.ಐ. ಚಾನೆಲ್ಲಿಗೋ ಸ್ಕ್ರೂವಿನಿಂದ ಭದ್ರಪಡಿಸಬೇಕು. ಹಲಗೆಯ ಮೇಲೆ ಸುಮ್ಮನೆ ಇರಿಸಬಾರದು.

ಬಾಕ್ಸಿನ ಗಾತ್ರದಲ್ಲಿ ಜಿಪುಣತನ ಬೇಡ. ಕನೆಕ್ಟರುಗಳೆಲ್ಲ ಕೂತ ಮೇಲೂ ಮುಚ್ಚಳ ಒತ್ತದೆ ಮುಚ್ಚುವಷ್ಟು ಆಳ ಇರಬೇಕು. ಅದಕ್ಕಿಂತ ಮುಖ್ಯವಾದದ್ದು, ಬಾಕ್ಸನ್ನು ಮತ್ತೆ ತೆರೆಯುವ ದಾರಿ. ದೀಪವನ್ನು ಕೆಳಗೆಳೆದಾಗ ಅದರ ರಂಧ್ರದ ಮೂಲಕ ಕೈಗೆ ಸಿಗುವ ದೂರದಲ್ಲಿ ಬಾಕ್ಸ್ ಇದ್ದರೆ ದುರಸ್ತಿಗೆ ಹಲಗೆ ಒಡೆಯಬೇಕಾಗುವುದಿಲ್ಲ. ರಂಧ್ರ ಚಿಕ್ಕದಾದರೆ ಬಾಕ್ಸುಗಳೆಲ್ಲ ಸೇರುವ ಕಡೆ ಒಂದು ತೆರೆಯುವ ಕಿಂಡಿ ಬಿಡಿಸಿಕೊಳ್ಳುವುದು ಲೇಸು. ಇದನ್ನು ಸೀಲಿಂಗ್ ಕಟ್ಟುವವರಿಗೆ ಮೊದಲೇ ಹೇಳಬೇಕು. ಬಣ್ಣ ಬಳಿದ ಮೇಲೆ ಯಾರೂ ಒಪ್ಪುವುದಿಲ್ಲ.

ಡ್ರೈವರ್ ಪ್ರತ್ಯೇಕವಾಗಿರುವ ದೀಪಗಳಲ್ಲಿ 230 ವೋಲ್ಟಿನ ಜೋಡಣೆಯನ್ನು ಮಾತ್ರ ಬಾಕ್ಸಿನೊಳಗಿಟ್ಟು, ಡ್ರೈವರನ್ನು ಗಾಳಿಯಾಡುವಂತೆ ಹೊರಗಿಡಬೇಕು. ಡ್ರೈವರಿಗೆ ಕರೆಂಟು ಇರುವಾಗ ದೀಪದ ಕಡೆಯ ಪ್ಲಗ್ಗನ್ನು ಕಿತ್ತು ಹಾಕಿ ಪರೀಕ್ಷಿಸುವುದರಿಂದ ದೀಪ ಸುಡುವುದುಂಟು. ವಾರಂಟಿಯ ಜಗಳಗಳಲ್ಲಿ ಕೆಲವಕ್ಕಾದರೂ ಇದೇ ಮೂಲವಿರಬಹುದು. ಚೌಕದೊಳಗೆ ಚೌಕದ ಗುರುತಿರುವ ದೀಪಕ್ಕೆ ಅರ್ತ್ ಬೇಡ. ಆದರೂ ಹಸಿರು ತಂತಿಯನ್ನು ಎಲ್ಲ ಬಾಕ್ಸುಗಳವರೆಗೆ ಎಳೆದಿಟ್ಟರೆ ಮುಂದೆ ಲೋಹದ ದೀಪ ಹಾಕುವಾಗ ನೆರವಾಗುತ್ತದೆ.

ದಾಸ್ತಾನು ಮಾಡುವ ವರ್ತಕರು ತಂತಿಗೆ ಐ.ಎಸ್. 694ರ ಐ.ಎಸ್.ಐ. ಮುದ್ರೆಯನ್ನೂ, ಹುದುಗಿಸುವ ದೀಪಕ್ಕೆ ಐ.ಎಸ್. 10322ರ ಹಾಗೂ ಡ್ರೈವರಿಗೆ ಐ.ಎಸ್. 15885ರ ‘ಆರ್’ ನೋಂದಣಿ ಸಂಖ್ಯೆಯನ್ನೂ ಪರಿಶೀಲಿಸಿಯೇ ಸರಕು ಇಳಿಸಿಕೊಳ್ಳುವುದು ಒಳಿತು. ಬಾಕ್ಸ್ ತಯಾರಿಸುವವರಿಗೆ ಒಂದು ಮಾತು. ಗೋಡೆಯಲ್ಲಿ ಹೂಳುವ ಬಾಕ್ಸಿಗೆ ಸುತ್ತ ಗಾರೆಯ ರಕ್ಷಣೆ ಇರುತ್ತದೆ. ಸೀಲಿಂಗಿನ ಟೊಳ್ಳಿನಲ್ಲಿ ಅದು ಇಲ್ಲ. ಯುರೋಪಿನಲ್ಲಿ ಟೊಳ್ಳು ಗೋಡೆಗಳ ಬಾಕ್ಸುಗಳಿಗೆ 850 ಡಿಗ್ರಿಗೆ ಕಾಯಿಸಿದ ತಂತಿಯನ್ನು ಒತ್ತಿ, ಹತ್ತಿದ ಉರಿ ತಾನಾಗಿಯೇ ಆರುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಮರುಬಳಕೆಯ ಪ್ಲಾಸ್ಟಿಕ್ಕನ್ನು ಮನಬಂದಂತೆ ಬೆರೆಸಿದ ಬಾಕ್ಸು ಈ ಪರೀಕ್ಷೆಯಲ್ಲಿ ಉಳಿಯುತ್ತದೆಂಬ ಭರವಸೆಯಿಲ್ಲ. ಉರಿ ಹಬ್ಬಿಸದ ದರ್ಜೆಯ ಪಿ.ವಿ.ಸಿ. ಅಥವಾ ಪಾಲಿಕಾರ್ಬೊನೇಟ್ ಬಳಸಿ, ಪ್ರಯೋಗಾಲಯದ ವರದಿ ಪಡೆದು, ಅದರ ಪ್ರತಿಯನ್ನು ವರ್ತಕರಿಗೆ ಸರಕಿನೊಡನೆ ಕೊಟ್ಟರೆ ಹೆಚ್ಚಿನ ಬೆಲೆಗೆ ಅದೇ ಉತ್ತರವಾಗುತ್ತದೆ.