ಗಾಲಿಕುರ್ಚಿಯ ನಾಯಕ: ‘ಪರ್ಫೆಕ್ಟ್ ವರ್ಲ್ಡ್’ ಮಾಂಗಾ ನಮಗೆ ಏನು ತಿಳಿಸುತ್ತದೆ?

ಜಪಾನಿನ ಚಿತ್ರಕಥೆಗಳನ್ನು ಮಾಂಗಾ ಎನ್ನುತ್ತಾರೆ. ‘ನರುಟೊ’, ‘ಒನ್ ಪೀಸ್’ ಹೆಸರುಗಳನ್ನು ನಮ್ಮಲ್ಲಿ ಹಲವರು ಕೇಳಿರುತ್ತೇವೆ. ಮಾಂಗಾವನ್ನು ಬಲದಿಂದ ಎಡಕ್ಕೆ ಓದಬೇಕು. ಉರ್ದು ಓದಿ ಬಂದವರಿಗೆ ಇದೇನೂ ಹೊಸದಲ್ಲ. ಹೊಡೆದಾಟ, ಸಾಹಸಗಳಾಚೆ ಕೆಲಸ, ಮನೆ, ಮದುವೆಯ ಬಗ್ಗೆಯೂ ಮಾಂಗಾಗಳಿವೆ. ಅವುಗಳಲ್ಲಿ ಒಂದು ರಿಯೆ ಅರುಗಾ ಅವರ ‘ಪರ್ಫೆಕ್ಟ್ ವರ್ಲ್ಡ್’. 2014ರಿಂದ 2021ರವರೆಗೆ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದು 12 ಸಂಪುಟಗಳಾದ ಈ ಕೃತಿಗೆ 2019ರಲ್ಲಿ ಕೊಡಾನ್ಷಾ ಮಾಂಗಾ ಪ್ರಶಸ್ತಿ ಸಿಕ್ಕಿತು. 2018ರಲ್ಲಿ ಸಿನಿಮಾ ಆಯಿತು, 2019ರಲ್ಲಿ ಟಿವಿ ಧಾರಾವಾಹಿಯೂ ಆಯಿತು. ಇಂಗ್ಲಿಷ್ ಅನುವಾದ ಲಭ್ಯವಿದೆ.

ಕಥೆ ಸರಳವಾಗಿದೆ. ಒಳಾಂಗಣ ವಿನ್ಯಾಸದ ಕಂಪನಿಯಲ್ಲಿ ಕೆಲಸ ಮಾಡುವ ತ್ಸುಗುಮಿ ಕವಾನಾ ಎಂಬ ಯುವತಿಗೆ ಹೈಸ್ಕೂಲಿನಲ್ಲಿ ತಾನು ಮೆಚ್ಚಿದ್ದ ಇತ್ಸುಕಿ ಅಯುಕಾವಾ ಮತ್ತೆ ಭೇಟಿಯಾಗುತ್ತಾನೆ. ಆತ ಈಗ ವಾಸ್ತುಶಿಲ್ಪಿ. ಕಾಲೇಜು ದಿನಗಳಲ್ಲಿ ನಡೆದ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿ ಬಳಸುತ್ತಿದ್ದಾನೆ. ಪ್ರೀತಿ, ಮದುವೆ ತನಗಿನ್ನು ಬೇಡವೆಂದು ತೀರ್ಮಾನಿಸಿಕೊಂಡವನು. ಅಲ್ಲಿಂದ ಮುಂದೆ ಇಬ್ಬರೂ ಒಬ್ಬರನ್ನೊಬ್ಬರು ಅರಿಯುವುದೇ ಕಥೆ.

ನಮ್ಮ ಸಿನಿಮಾಗಳಲ್ಲಿ ಅಂಗವೈಕಲ್ಯವೆಂದರೆ ಸಾಮಾನ್ಯವಾಗಿ ಎರಡೇ ದಾರಿ. ಪಾತ್ರ ಕಣ್ಣೀರು ತರಿಸಬೇಕು, ಇಲ್ಲವೇ ಕೊನೆಯಲ್ಲಿ ಪವಾಡದಂತೆ ಎದ್ದು ನಡೆಯಬೇಕು. ಇತ್ಸುಕಿ ಎದ್ದು ನಡೆಯುವುದಿಲ್ಲ. ಅವನ ದೇಹಕ್ಕೆ ಏನಾಗುತ್ತದೆ ಎಂಬುದನ್ನು ಲೇಖಕಿ ಮುಚ್ಚಿಡದೆ ತೋರಿಸುತ್ತಾರೆ.

ಜೀವಶಾಸ್ತ್ರದ ಪಾಠದಲ್ಲಿ ಓದಿರುವಂತೆ ಮೆದುಳಿನ ಸಂದೇಶಗಳು ಬೆನ್ನುಹುರಿಯ ಮೂಲಕವೇ ಕೈಕಾಲುಗಳಿಗೆ ಹೋಗಬೇಕು. ಹುರಿ ತುಂಡಾದರೆ ಅದರ ಕೆಳಗಿನ ಭಾಗದಲ್ಲಿ ಚಲನೆಯೂ ಇಲ್ಲ, ಸ್ಪರ್ಶಜ್ಞಾನವೂ ಇಲ್ಲ. ನಾವು ಬೆಂಚಿನ ಮೇಲೆ ಕುಳಿತಾಗ ನೋವಾದೊಡನೆ ಗೊತ್ತಿಲ್ಲದೆಯೇ ಪಕ್ಕಕ್ಕೆ ಸರಿಯುತ್ತೇವೆ. ನೋವೇ ತಿಳಿಯದವರು ಸರಿಯುವುದಿಲ್ಲ. ಒಂದೇ ಕಡೆ ಭಾರ ಬಿದ್ದು ರಕ್ತಸಂಚಾರ ನಿಂತು ಚರ್ಮ ಹುಣ್ಣಾಗುತ್ತದೆ, ಮೂಳೆಯವರೆಗೂ ಇಳಿಯಬಹುದು. ಆದ್ದರಿಂದ 15ರಿಂದ 30 ನಿಮಿಷಕ್ಕೊಮ್ಮೆ ಕೈಯೂರಿ ದೇಹವನ್ನು ಎತ್ತಿ ಇಳಿಸಬೇಕು. ಮೂತ್ರಕೋಶದ ಹಿಡಿತ ತಪ್ಪುವುದರಿಂದ ಸೋಂಕು, ಜ್ವರ ಪದೇ ಪದೇ ಬರುತ್ತವೆ. ಇತ್ಸುಕಿಗೆ ಇವೆಲ್ಲವೂ ಬರುತ್ತವೆ, ಅದರ ನಾಚಿಕೆಯೂ ಕಾಡುತ್ತದೆ.

ಇದು ನಮ್ಮಿಂದ ದೂರದ ವಿಷಯವಲ್ಲ. ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಕಾಯಿ ಕೀಳಲು ಮರ ಹತ್ತುವವರು, ಮಾಲೂರು, ಕೋಲಾರ, ಮುಳಬಾಗಿಲಿನ ರಸ್ತೆಗಳಲ್ಲಿ ಬೈಕ್ ಓಡಿಸುವವರು ಬಹುಪಾಲು ನಮ್ಮ ವಯಸ್ಸಿನವರು, ಇಲ್ಲವೇ ನಮ್ಮ ಅಣ್ಣಂದಿರು. ಒಂದು ಬೀಳುವಿಕೆ ಸಾಕು.

ಕಥೆಯ ಬಹುಮುಖ್ಯ ತಿರುವು ತ್ಸುಗುಮಿಗೆ ಸಂಬಂಧಿಸಿದ್ದು. ಕಚೇರಿ ಕೆಲಸವನ್ನೂ ಇತ್ಸುಕಿಯ ಆರೈಕೆಯನ್ನೂ ಒಬ್ಬಳೇ ಹೊತ್ತು, ಯಾರಿಗೂ ಹೇಳದೆ, ಕೊನೆಗೆ ದಣಿವಿನಿಂದ ಅಪಘಾತಕ್ಕೆ ಒಳಗಾಗುತ್ತಾಳೆ. ಅವಳ ತಂದೆ ಈ ಸಂಬಂಧವನ್ನು ಕಟುವಾಗಿ ವಿರೋಧಿಸುತ್ತಾನೆ. ಇಬ್ಬರೂ ಬೇರೆಯಾಗುತ್ತಾರೆ. ಪ್ರೀತಿ ಕಡಿಮೆಯಾದದ್ದಕ್ಕೆ ಹೀಗಾಗಲಿಲ್ಲ. ಆರೈಕೆಯನ್ನು ತ್ಯಾಗವೆಂದು ತಿಳಿದದ್ದರಿಂದ, ನೆರವು ಕೇಳದೆ ಇದ್ದದ್ದರಿಂದ ಹೀಗಾಯಿತು. ಮುಂದಿನದನ್ನು ಓದುವವರಿಗೇ ಬಿಡೋಣ.

ನಮ್ಮಲ್ಲಿ ಡೇಟಿಂಗ್ ಇಲ್ಲ, ಮದುವೆಯನ್ನು ಹಿರಿಯರು ನಿಶ್ಚಯಿಸುತ್ತಾರೆ, ಈ ಕಥೆ ನಮಗೇಕೆ ಎಂದು ಕೇಳಬಹುದು. ಆದರೆ ತಂದೆಯ ವಿರೋಧ ನಮಗೆ ಪರಿಚಿತವೇ. ಕಾಲು ಸ್ವಲ್ಪ ಎಳೆಯುವ ಹುಡುಗಿಗೆ ಪದವಿ, ಗುಣ, ದುಡಿಮೆ ಎಲ್ಲ ಇದ್ದರೂ ಸಂಬಂಧ ಕೇಳಿ ಬರುವವರು ಕಡಿಮೆ. ಬಂದರೂ “ಇಷ್ಟಾದರೂ ಒಪ್ಪಿಕೊಂಡರಲ್ಲ” ಎಂಬ ಮಾತು. ಅಂಥವರನ್ನು ಮದುವೆಯಾದವರಿಗೆ “ದೊಡ್ಡ ಮನಸ್ಸು” ಎಂಬ ಬಿರುದು. ವಿಕಲಚೇತನರನ್ನು ಮದುವೆಯಾಗುವ ಸಾಮಾನ್ಯ ವ್ಯಕ್ತಿಗೆ ಕರ್ನಾಟಕ ಸರ್ಕಾರ 50,000 ರೂ. ಪ್ರೋತ್ಸಾಹಧನ ಕೊಡುವ ಯೋಜನೆಯನ್ನೂ ಮಾಡಿದೆ. ಹೊಸ ಸಂಸಾರಕ್ಕೆ ಆ ಹಣ ನೆರವಾಗುತ್ತದೆ, ನಿಜ. ಆದರೂ ಇಂಥ ಮದುವೆ ಒಬ್ಬರು ಇನ್ನೊಬ್ಬರಿಗೆ ಮಾಡುವ ಉಪಕಾರ ಎಂಬ ಭಾವನೆ ಅದರೊಳಗೂ ಉಳಿದಿದೆ.

ಭಾರತ 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಒಡಂಬಡಿಕೆ ಬೇರೆ ರೀತಿ ಹೇಳುತ್ತದೆ. ಅದರ 23ನೇ ವಿಧಿಯ ಪ್ರಕಾರ ಮದುವೆಯ ವಯಸ್ಸಿಗೆ ಬಂದ ವಿಕಲಚೇತನರಿಗೆ, ಇಬ್ಬರ ಮುಕ್ತ ಒಪ್ಪಿಗೆಯಿಂದ ಮದುವೆಯಾಗಿ ಸಂಸಾರ ನಡೆಸುವ ಹಕ್ಕಿದೆ. ಒಪ್ಪಿಗೆಯ ಮಾತು ನಿಕಾಹ್‌ ಬಲ್ಲ ನಮಗೆ ಹೊಸದಲ್ಲ. ಹದೀಸ್‌ಗಳಲ್ಲಿ ಜುಲೈಬೀಬ್(ರ) ಅವರ ಪ್ರಸಂಗವಿದೆ. ರೂಪವಿಲ್ಲ ಎಂದು ಜನ ಕಡೆಗಣಿಸಿದ್ದ ಅವರಿಗೆ ಪ್ರವಾದಿ(ಸ)ಯವರು ಒಂದು ಅನ್ಸಾರಿ ಮನೆಯ ಹೆಣ್ಣು ಕೇಳಿದರು. ತಂದೆತಾಯಿ ಹಿಂಜರಿದರು, ಮಗಳು ಒಪ್ಪಿದಳು. ದೃಷ್ಟಿಯಿಲ್ಲದ ಅಬ್ದುಲ್ಲಾ ಇಬ್ನ್ ಉಮ್ಮ್ ಮಕ್ತೂಮ್(ರ) ಅವರು ಮದೀನಾದಲ್ಲಿ ಅಝಾನ್ ಕೊಡುತ್ತಿದ್ದರು. ಪ್ರವಾದಿ(ಸ)ಯವರು ಊರಿನಲ್ಲಿಲ್ಲದಾಗ ಅಲ್ಲಿನ ಹೊಣೆಯನ್ನೂ ಹೊತ್ತರು. ಇವರಿಗೆ ಸಿಕ್ಕಿದ್ದು ಕನಿಕರವಲ್ಲ, ಸ್ಥಾನ.

ಮಾಂಗಾದಲ್ಲಿ ನಾಯಕ ವಾಸ್ತುಶಿಲ್ಪಿಯಾಗಿರುವುದಕ್ಕೂ ಅರ್ಥವಿದೆ. ಗಾಲಿಕುರ್ಚಿಯಲ್ಲಿರುವವರು ಎಲ್ಲಿಗೆ ಹೋಗಬಹುದು, ಯಾರನ್ನು ಭೇಟಿಯಾಗಬಹುದು ಎಂಬುದನ್ನು ಕಟ್ಟಡಗಳೇ ತೀರ್ಮಾನಿಸುತ್ತವೆ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕೆಂಬುದು ನಿಯಮ. ತಲಾ ಆರು ಅಂಗುಲದ ಮೂರು ಮೆಟ್ಟಿಲಿದ್ದರೆ 18 ಅಡಿ. ಮೋಟಾರ್ ಬೈಕ್ ಹತ್ತಿಸಲು ಹಾಕುವ ಕಡಿದಾದ ಸಿಮೆಂಟ್ ಇಳಿಜಾರಿನಲ್ಲಿ ಗಾಲಿಕುರ್ಚಿ ಹಿಂದಕ್ಕೆ ಮಗುಚುತ್ತದೆ. ನಮ್ಮ ತರಗತಿ, ಮಸೀದಿ, ಶಾದಿ ಮಹಲುಗಳ ಮುಂದೆ ಎಷ್ಟು ಮೆಟ್ಟಿಲುಗಳಿವೆ? ಟೇಪ್ ಹಿಡಿದು ಅಳೆದು ನೋಡಿ.

2011ರ ಜನಗಣತಿಯಲ್ಲಿ ಕರ್ನಾಟಕದ ವಿಕಲಚೇತನರ ಸಂಖ್ಯೆ 13.24 ಲಕ್ಷ. ಆಗ ಎಣಿಸಿದ್ದು ಕೆಲವೇ ಬಗೆಗಳನ್ನು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಗುರುತಿಸಿದೆ. ಶೇ. 40 ಅಥವಾ ಹೆಚ್ಚು ವೈಕಲ್ಯವಿದ್ದರೆ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5, ಸರ್ಕಾರಿ ಉದ್ಯೋಗದಲ್ಲಿ ಶೇ. 4 ಮೀಸಲಾತಿ ಇದೆ. ಇದಕ್ಕೆ ಯುಡಿಐಡಿ ಕಾರ್ಡ್ ಮಾಡಿಸಿಕೊಳ್ಳಬೇಕು. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅರ್ಜಿಗೆ ನೆರವಾಗುತ್ತಾರೆ. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಕಾರ್ಡ್ ಇಲ್ಲದವರಿದ್ದರೆ ದ್ವಿತೀಯ ಪಿಯುಸಿ ಮುಗಿಯುವ ಮೊದಲೇ ಈ ಕೆಲಸ ಮಾಡಿಸಿ. ಸೀಟು ಹಂಚುವ ಹೊತ್ತಿಗೆ ಓಡಾಡಿದರೆ ತಡವಾಗುತ್ತದೆ.